ಹಿಂದಿನ ಸೀಟು

ಜನ ಬಸ್ಸನ್ನು ಮರೆತು ಗುಡ್ಡದಿಂದ ಗುಡ್ಡಕ್ಕೆ ಗ್ಲೈಡರಿನಲ್ಲಿ ಓಡಾಡತೊಡಗಿ ಮೂರು ತಲೆಮಾರು ಕಳೆದಿತ್ತು. ಪ್ರತಿ ಸೋಮವಾರ ಗಂಡನನ್ನು ಹಿಂದೆ ಕೂರಿಸಿಕೊಂಡು ಎದುರು ಗುಡ್ಡದ ಈಶ್ವರನಿಗೆ ಬಿಲ್ವಪತ್ರೆ ಒಯ್ಯುತ್ತಿದ್ದ ನೀಲಗಂಗವ್ವ, ಆತ ತೀರಿಕೊಂಡ ಮೇಲೆ ಮೊದಲ ಸಲ ಹೊರಟಿದ್ದಳು.

“ಹಿಂದಿನ ಸೀಟು ಖಾಲಿ ಇದ್ರ ಬಿಡಂಗಿಲ್ಲಬೇ,” ಎಂದ ಗ್ಲೈಡರನ್ನು ಹಗ್ಗದಿಂದ ಎಳೆದು ಗಾಳಿಗೆ ಬಿಡುವ ದಾವಲಸಾಬ.

“ಖಾಲಿ ಎಲ್ಲೈತೋ? ಅವರ ತೂಕದಷ್ಟ ಮರಳಿನ ಚೀಲ ಕಟ್ಟೀನಿ. ಇದಕ್ಕ ಗೊರಕಿ ಒಂದಿಲ್ಲ ನೋಡು.”

ಶಿವಶಿವಾ ಎಂದು ಗಾಳಿಗೆ ಏರಿದಳು. ಆದರೆ ಗ್ಲೈಡರು ದಾರಿ ಬಿಟ್ಟು ಬಲಕ್ಕೇ ತಿರುಗತೊಡಗಿತು. ಒಂದು ಸುತ್ತು, ಎರಡು ಸುತ್ತು. ಎತ್ತರ ಕಳೆಯುತ್ತಿತ್ತು, ಇನ್ನೊಂದು ಸುತ್ತಾದರೆ ಗುಡಿ ಮುಟ್ಟುವಂತಿರಲಿಲ್ಲ. ಗಾಬರಿಯಿಂದ ತನ್ನ ಕೈಯನ್ನೇ ನೋಡಿಕೊಂಡಳು. ಕೆಳಗಿನ ಹೊಲ ನೋಡಲು ಗಂಡ ಸದಾ ಎಡಕ್ಕೆ ಬಾಗುತ್ತಿದ್ದ. ನಲವತ್ತು ವರ್ಷ ಅದನ್ನು ಸರಿದೂಗಿಸಿದ ಕೈ ಇಂದೂ ಹಿಡಿಕೋಲನ್ನು ಬಲಕ್ಕೆ ಒತ್ತಿತ್ತು. ಮೆಲ್ಲಗೆ ಸಡಿಲಿಸಿದಳು.

ಗುಡಿಯ ಬಯಲಿನಲ್ಲಿ ಇಳಿದಾಗ ಪೂಜಾರಿ ನಕ್ಕ. “ಏನವ್ವಾ, ಪ್ರದಕ್ಷಿಣಿ ಮ್ಯಾಲಿಂದನ ಸುರು ಮಾಡಿದೆಲ್ಲ?”

ನೀಲಗಂಗವ್ವ ಕಣ್ಣೊರೆಸಿಕೊಂಡು ತಾನೂ ನಕ್ಕಳು. “ನಮ್ಮವರು ಇವತ್ತ ನೆಟ್ಟಗ ಕುಂತಿದ್ರಪಾ. ನನ್ನ ಕೈಗೆ ರೂಢಿ ಇದ್ದಿಲ್ಲ.”