ಒಂದು ಮೊರ ತೌಡು

ಸಬ್ ರಿಜಿಸ್ಟ್ರಾರ್ ಕಚೇರಿಯ ಕಿಟಕಿಯಿಂದ ಹಳೆಯ ದಾನಪತ್ರದ ನಕಲು ಕೈಗೆ ಬಂದಾಗ ಶಿವರಾಜುವಿಗೆ ನಗು ಬಂತು. ಮುದುಕ ಕೊನೆಗೂ ಸಿಕ್ಕಿಬಿದ್ದಿದ್ದ.

ಮುದುಕನೆಂದರೆ ಅವನ ಅಪ್ಪ, ಮೂಡಲಗಿರಿಯಪ್ಪ. ಇಪ್ಪತ್ತು ವರ್ಷಗಳ ಹಿಂದೆ ಒಂದು ಸಂಜೆ ಮಗನನ್ನು ಕಣದ ಮೂಲೆಗೆ ಕರೆದೊಯ್ದು ಪಿಸುಗುಟ್ಟಿದ್ದ. “ಲೇ, ಗಂಗಾಲಕ್ಷ್ಮಿ ನನ್ನ ಮಗ್ಳು ಕಣ್ಲಾ. ನಿಂಗೆ ತಂಗಿಯಾಗ್ಬೇಕು. ಎಲ್ಲಾದ್ರೂ ಬಾಯ್ಬುಟ್ಟೆ ಅಂದ್ರೆ ರಂಗಕ್ಕನ ಮಾನ ಹೋಯ್ತದೆ.”

ರಂಗಕ್ಕ ಆಗ ಅವರ ಮನೆಗೆಲಸದವಳು. ಗಂಗಾಲಕ್ಷ್ಮಿ ಅವಳ ಮಗಳು. ಮಾರನೆಯ ದಿನವೇ ಸಿದ್ದರಬೆಟ್ಟದಲ್ಲಿ ಅವಳಿಗೆ ತಾಳಿ ಕಟ್ಟುವುದೆಂದು ಶಿವರಾಜು ಗುಟ್ಟಾಗಿ ಗೊತ್ತುಮಾಡಿಕೊಂಡಿದ್ದ. ಹೋಗಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಅವಳು ಹೂ ಮುಡಿದು ಬೆಟ್ಟದ ಮೇಲೆ ಕತ್ತಲಾಗುವವರೆಗೆ ಕಾದಳಂತೆ. ಆಮೇಲೆ ಅವಳನ್ನು ನಾಗಲಮಡಿಕೆಯ ಒಬ್ಬ ಕುಡುಕನಿಗೆ ಕೊಟ್ಟರು. ಅವನು ಹೊಡೆದ, ಇವಳು ತಿಂದಳು. ಹೋದ ವರ್ಷ ಸತ್ತೇಹೋದಳು.

ಮಣ್ಣಿಗೆ ಹೋದ ಶಿವರಾಜು ಅವಳ ಮುಖವನ್ನೇ ನೋಡುತ್ತಾ ನಿಂತ. ಅಪ್ಪನ ಹೋಲಿಕೆ ಒಂದು ಚೂರೂ ಇರಲಿಲ್ಲ. ಅನುಮಾನ ಹೊಕ್ಕಿದ್ದು ಆಗ. ಕೂಲಿಯವಳ ಮಗಳು ಸೊಸೆಯಾಗಿ ಬರಬಾರದೆಂದು ಮುದುಕ ಕಥೆ ಕಟ್ಟಿದನೇ?

ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಅಪ್ಪನನ್ನು ಕೇಳುವಂತಿರಲಿಲ್ಲ. ಲಕ್ವ ಹೊಡೆದು ಮಾತು ನಿಂತಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ಅವಳು ಯಾರಿಗೆ ಹುಟ್ಟಿದವಳೆಂದು ಕೇಳುವಷ್ಟು ಎದೆಗಾರಿಕೆಯೂ ಇರಲಿಲ್ಲ. ಹಾಗಾಗಿ ಕಾಗದಗಳನ್ನು ಕೇಳಿದ. ಕೊರಟಗೆರೆ, ಪಾವಗಡ, ಮಧುಗಿರಿ ಎಂದು ಕಚೇರಿ ಕಚೇರಿ ಅಲೆದ.

ಸೇಡು ಮಾತ್ರ ಆಗಲೇ ತಯಾರಾಗಿತ್ತು. ದಿನವೂ ತಾನೇ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದ. ಎಂಥಾ ಮಗ ಎಂದು ಊರು ಹೊಗಳುತ್ತಿತ್ತು. ಮುದುಕ ಬದುಕಿರಬೇಕಿತ್ತು, ಅಷ್ಟೆ. ಸುಳ್ಳು ರುಜುವಾತಾದ ದಿನ ಅವನ ಕಿವಿಗೆ ಬಾಗಿ, ‘ನಿನ್ನ ಮಣ್ಣಿಗೆ ನಾನು ಬರಲ್ಲ’ ಎನ್ನಬೇಕು. ಅದನ್ನು ಕೇಳಿಕೊಂಡೇ ಅವನು ಸಾಯಬೇಕು.

ಅದಕ್ಕಿಂತ ದೊಡ್ಡ ಶಿಕ್ಷೆ ಮೂಡಲಗಿರಿಯಪ್ಪನಿಗೆ ಇರಲಿಲ್ಲ. ಮಗನ ಕೈಯ ಒಂದು ಹಿಡಿ ಮಣ್ಣಿಗಾಗಿ ಬಾಯಿಬಿಟ್ಟವನು ಅವನು. ಹುಟ್ಟಿದ ಕೂಸುಗಳೆಲ್ಲ ತೊಟ್ಟಿಲಲ್ಲೇ ಹೋಗಿದ್ದವು. ಅದಕ್ಕೇ ಶಿವರಾಜುವನ್ನು ತಿಪ್ಪೆಯ ಮೇಲೆ ಮಲಗಿಸಿ ಶಾಸ್ತ್ರ ಮಾಡಿದರು. ನೆರೆಯವಳೊಬ್ಬಳು ಎತ್ತಿಕೊಂಡಳು, ಅಮ್ಮ ಒಂದು ಮೊರ ತೌಡು ಕೊಟ್ಟು ಅವಳಿಂದ ಕೊಂಡಳು. ಯಾರದೋ ಕೂಸೆಂದುಕೊಂಡು ಸಾವು ಮುಂದಕ್ಕೆ ಹೋಗಲಿ ಎಂಬ ಉಪಾಯ. ಗುರುತಿಗೆ ಚುಚ್ಚಿದ ಮೂಗಿನ ತೂತು ಇನ್ನೂ ಇತ್ತು. ‘ಕೊಂಡ ಮಗ’ ಎಂದು ಊರವರು ಈಗಲೂ ರೇಗಿಸುತ್ತಿದ್ದರು.

ಮೊದಲು ಅಪ್ಪನ ಟ್ರಂಕಿನಲ್ಲಿ ಉಯಿಲು ಸಿಕ್ಕಿತು. ‘ನನಗೆ ಶಿವರಾಜು ಒಬ್ಬನೇ ಮಗ. ಬೇರೆ ಯಾವ ಸಂತಾನವೂ ಇರುವುದಿಲ್ಲ.’ ಈಗ ಈ ದಾನಪತ್ರ. ಬಲಸಮುದ್ರದಲ್ಲಿ ಅಮ್ಮನಿಗೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದ ಎರಡು ಎಕರೆಯನ್ನು ಚನ್ನಮಲ್ಲಯ್ಯ ಎಂಬವನಿಗೆ ಬಿಟ್ಟಿ ಬರೆದುಕೊಟ್ಟಿದ್ದರು. ಅಮ್ಮನ ಹೆಬ್ಬೆಟ್ಟು, ಅಪ್ಪನ ರುಜು. ಚನ್ನಮಲ್ಲಯ್ಯ ಅಮ್ಮನ ತವರಿನಲ್ಲಿ ಕೂಲಿಗಿದ್ದವನು. ರಂಗಕ್ಕನೂ ಅದೇ ಊರಿನಿಂದ ಅಮ್ಮನ ಜೊತೆ ಬಂದವಳು. ಶಿವರಾಜು ಅಲ್ಲೇ ಗಂಟು ಹಾಕಿದ. ಗಂಗಾಲಕ್ಷ್ಮಿ ಆ ಚನ್ನಮಲ್ಲಯ್ಯನ ಮಗಳು, ಬಾಯಿ ಮುಚ್ಚಿಸಲು ಈ ಜಮೀನು. ಪತ್ರ ಬರೆದದ್ದು ತಾನು ಹುಟ್ಟಿದ ವರ್ಷ, ಗಂಗಾಲಕ್ಷ್ಮಿ ಇನ್ನೂ ಹುಟ್ಟೇ ಇರಲಿಲ್ಲ ಎಂಬುದು ಕಣ್ಣಿಗೆ ಬಿತ್ತು. ಇರಲಿ, ಸಂಬಂಧ ಮೊದಲೇ ಇದ್ದಿರಬೇಕು ಎಂದುಕೊಂಡ. ಸೇಡು ಬೇಕಾದವನಿಗೆ ಯಾವ ಲೆಕ್ಕವಾದರೂ ತಾಳೆಯಾಗುತ್ತದೆ.

ಇನ್ನು ರಂಗಕ್ಕನ ಬಾಯಿಂದ ಒಂದು ಮಾತು ಬಂದರೆ ಸಾಕಿತ್ತು.

ಮಧುಗಿರಿ ಕೋಟೆಯ ಕೆಳಗಿನ ಓಣಿಯಲ್ಲಿ ಅವಳು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಇವನನ್ನು ಕಂಡು ಮುಖ ಗಂಟಿಕ್ಕಿದಳು. ಕೂರು ಎನ್ನಲಿಲ್ಲ.

“ಯಾಕ್ ಬಂದ್ಬುಟ್ಟೆ?”

“ಗಂಗಾಲಕ್ಷ್ಮಿ ಚನ್ನಮಲ್ಲಯ್ಯನ ಮಗ್ಳು ತಾನೆ ರಂಗಕ್ಕ? ಬೇರೆ ಮಕ್ಳಿಲ್ಲ ಅಂತ ಅಪ್ಪನೇ ಉಯಿಲು ಬರ್ಸವ್ನೆ. ನೀನೊಂದ್ ಮಾತು ಹೇಳ್ಬುಡು, ಆ ಮುದುಕನ್ನ ನಾನು ನೋಡ್ಕತೀನಿ.”

ಕುಟ್ಟುವ ಕೈ ನಿಂತಿತು.

“ಸಾಯೋ ಕಾಲ್ದಾಗೂ ಅಂಗೇ ಬರ್ಸವ್ನಾ?” ಎಂದಳು. “ಚನ್ನಮಲ್ಲಯ್ಯ ನನ್ನ ತಲೆಯೆತ್ತಿ ನೋಡ್ದೋನಲ್ಲ. ಅವ್ಳು ನಿಮ್ಮಪ್ಪನಿಗೇ ಹುಟ್ಟಿದ್ದು.”

ಶಿವರಾಜು ಜಗಲಿಯ ಮೇಲೆ ಕೂತ. ಹಾಗಾದರೆ ಅಪ್ಪ ಸತ್ಯವನ್ನೇ ಹೇಳಿದ್ದ. ಒಂದು ವರ್ಷ ಕುಡಿಸಿದ ಗಂಜಿಯಲ್ಲಿ ಬೆರೆಸಿದ್ದ ದ್ವೇಷ ನೆನೆದು ನಾಚಿಕೆಯಾಯಿತು. ಹೋಗಿ ಅಪ್ಪನ ಕಾಲು ಹಿಡಿಯಬೇಕೆನಿಸಿತು.

“ಅದ್ಕೇ ಅವತ್ತು ನಾನು ಬೆಟ್ಟಕ್ಕೆ ಬರ್ಲಿಲ್ಲ,” ಎಂದ. “ಅವ್ಳು ನಿನ್ ತಂಗಿ ಅಂತ ಅಪ್ಪ ಅಂದ. ತಂಗೀಗೆ ತಾಳಿ ಹೆಂಗೆ ಕಟ್ಲಿ?”

ರಂಗಕ್ಕ ಬಾಯಿ ತೆರೆದು ಅವನನ್ನೇ ನೋಡಿದಳು. ಹೆದರಿ ಓಡಿಹೋದ ಗಂಡಸೆಂದು ಇಷ್ಟು ವರ್ಷ ಅವಳು ಹಾಕಿದ ಶಾಪಕ್ಕೆ ಲೆಕ್ಕವಿರಲಿಲ್ಲ.

“ಅದ್ಕಾ ಬರ್ಲಿಲ್ಲ ನೀನು? ನಾನೇ ಸೀರೆ ಉಡ್ಸಿ ಕಳಿಸಿದ್ದೆ ಕಣಪ್ಪ. ಮಗ್ಳಾಗಂತೂ ಆ ಹೊಸ್ಲು ದಾಟ್ಲಿಲ್ಲ, ಸೊಸೆಯಾಗಾದ್ರೂ ದಾಟ್ಲಿ ಅಂತ.”

“ಥೂ! ಅಣ್ಣ ತಂಗಿ ಅಂತ ಗೊತ್ತಿದ್ದೂ?”

ಅವಳು ಅವನ ಕೈಯಲ್ಲಿದ್ದ ದಾನಪತ್ರವನ್ನು ಎಳೆದುಕೊಂಡು ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟಳು. “ನಿಮ್ಮವ್ವ ಇದ್ನ ಒತ್ತಿದಾಗ ನಾನು ಪಕ್ಕದಾಗೇ ಇದ್ದೆ. ಆಗ ನಿನ್ನ ಎತ್ಕೊಂಡಿದ್ದೋಳೇ ನಾನು.” ಕಾಗದ ಮಡಚಿಕೊಡುತ್ತಾ ಕೇಳಿದಳು, “ಆ ಮುದುಕಂಗೆ ಇನ್ನಾ ಕಿವಿ ಕೇಳ್ತದಾ?”

“ಕೇಳ್ತದೆ.”

“ಅಂಗಾದ್ರೆ ಹೋಗಿ ನಾನಂದೆ ಅಂತ ಹೇಳು: ಶಾಸ್ತ್ರಕ್ಕೆ ಕೊಂಡಿದ್ರೆ ಒಂದು ಮೊರ ತೌಡು ಸಾಕಾಗಿತ್ತು, ಚನ್ನಮಲ್ಲಯ್ಯ ತನ್ನ ಕೂಸ್ನ ಎರಡೆಕರೆಗೆ ಕಮ್ಮಿ ಕೊಡಾಕಿಲ್ಲ ಅಂದ.”