ಬಿಡುತ್ತಿದ್ದ ಕೈ

ಕೀಲಿ ತಿರುಗಿಸಿದ್ದೇ ತಡ, ವ್ಯಾನು ಗುಡುಗುತ್ತ ಎದ್ದಿತು. ಒಳಗೇ ಮಲಗಲು ಹಾಸಿಗೆಯಿರುವ, ಮೂವತ್ತು ವರ್ಷದ ಮುದಿ ಕ್ಯಾಂಪರ್ ವ್ಯಾನು. ಹೊರಗೆ ಮೈನಸ್ ಮೂವತ್ತರ ಚಳಿ. ಯಾಕೆ ಎದ್ದಿತು ಎಂದು ಯೋಚಿಸುವ ವ್ಯವಧಾನ ರಾಗ್ನಾಳಿಗೆ ಇರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಅವಳ ಗಂಡ ಐವಿಂದ್ ಬಿದ್ದಿದ್ದ. ಅವನ ತಲೆಯಿಂದ ಹರಿದ ರಕ್ತ ಹೊಸ್ತಿಲವರೆಗೂ ಬಂದಿತ್ತು. ಕಾರಿನ ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿತ್ತು, ಆ ಜೇಬಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ವ್ಯಾನಿನ ಕೀಲಿಯಾದರೆ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು.

ರಿವರ್ಸ್ ಹಾಕಿ ಆಕ್ಸಿಲರೇಟರ್ ಒತ್ತಿದಳು. ಫಟ್ ಎಂದು ಮುಂದೆ ಏನೋ ಕಿತ್ತುಕೊಂಡ ಸದ್ದು. ಎದ್ದು ಬಂದನೇ? ಮನೆಯತ್ತ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

ನಡುಹಗಲು. ಈ ಉತ್ತರದ ತುದಿಯಲ್ಲಿ ಸೂರ್ಯನ ಮುಖ ಕಂಡು ತಿಂಗಳಾಗಿತ್ತು. ಬೆಟ್ಟಗಳ ಹಿಂದೆ ಒಂದಿಷ್ಟು ನೀಲಿ ಬೆಳಕು, ಅಷ್ಟೇ. ರಸ್ತೆ ಎಲ್ಲಿ, ಚರಂಡಿ ಎಲ್ಲಿ, ಒಂದೂ ತಿಳಿಯದು. ಪಕ್ಕದಲ್ಲಿ ನೆಟ್ಟ ಕೆಂಪು ಕೋಲುಗಳನ್ನೇ ನಂಬಿ ಓಡಿಸಿದಳು. ಅವಳ ಉಸಿರೇ ಗಾಜಿನ ಒಳಗೆ ಹೆಪ್ಪುಗಟ್ಟುತ್ತಿತ್ತು. ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದರಲ್ಲಿ ವ್ಯಾನಿನಲ್ಲೇ ಸಿಕ್ಕ ಚಮಚ ಹಿಡಿದು ಕೆರೆಯುವುದು. ಅದೃಷ್ಟಕ್ಕೆ ಹೀಟರಿನಿಂದ ಬಿಸಿಗಾಳಿ ಬೇಗ ಬಂತು. ಆದರೆ ಮೂತಿಯ ಹತ್ತಿರ ಏನೋ ಒಂದೇ ಸಮನೆ ಬಡಿಯುತ್ತಿತ್ತು. ಟಕ್, ಟಕ್. ಅವನೇ ನೇತುಬಿದ್ದು ಗುದ್ದುತ್ತಿದ್ದಾನೆ ಎಂದು ಒಂದು ಗಳಿಗೆ ಅನ್ನಿಸಿತು.

ತಿರುವಿನಲ್ಲಿ ಹಿಂದೆ ಭಾರದ್ದೇನೋ ಉರುಳಿ ಗೋಡೆಗೆ ಬಡಿಯಿತು. ಬೆಚ್ಚಿ ತಿರುಗಿ ನೋಡಿದರೆ, ಸರೋವರದ ಮಂಜುಗಡ್ಡೆಗೆ ತೂತು ಕೊರೆಯುವ ಉದ್ದನೆಯ ಬೈರಿಗೆ. ಬೇಕಾದ್ದು ಬೇಡದ್ದು ಎಲ್ಲವನ್ನೂ ತಂದು ವ್ಯಾನಿಗೆ ತುರುಕುವುದು ಐವಿಂದನ ಚಾಳಿ.

ಪಟ್ಟಣದ ಪೊಲೀಸ್ ಠಾಣೆಗೆ ಹೋಗುವುದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಅಷ್ಟು ನಿಶ್ಚಯವಾಗಿತ್ತು. ಆದರೆ ಇದ್ದದ್ದಾದರೂ ಏನು? ಎಂಟು ವರ್ಷದಲ್ಲಿ ಅವನು ಎಷ್ಟು ಸಲ ಕತ್ತು ಹಿಸುಕಿದ್ದನೋ ಲೆಕ್ಕವಿಲ್ಲ. ಕಣ್ಣು ಕತ್ತಲೆ ಬರುವ ಹೊತ್ತಿಗೆ ಬಿಡುತ್ತಿದ್ದ. ಯಾವಾಗಲೂ ಬಿಡುತ್ತಿದ್ದ. ಆಮೇಲೆ ತಾನೇ ಕಾಫಿ ಮಾಡಿಕೊಟ್ಟು ಪಕ್ಕದಲ್ಲಿ ಕೂತು ಅಳುತ್ತಿದ್ದ. ಊರವರ ಕಣ್ಣಿಗಂತೂ ಬಂಗಾರದಂಥ ಮನುಷ್ಯ.

ಇವತ್ತೂ ಅದೇ ಕಥೆ. ಹನ್ನೊಂದು ಗಂಟೆಯ ಕಾಫಿಯ ಹೊತ್ತು, ಅವಳು ಹಾಲಿನ ಡಬ್ಬಿ ಮುಚ್ಚಿರಲಿಲ್ಲ. ಅಷ್ಟಕ್ಕೇ ಜಗಳ ತೆಗೆದ, ಕುತ್ತಿಗೆಗೆ ಕೈ ಹಾಕಿದ. ಇವತ್ತು ಮಾತ್ರ ಅವನು ಬಿಡುವವರೆಗೆ ಅವಳು ಕಾಯಲಿಲ್ಲ. ಒಲೆಯ ಮೇಲಿನ ಕಬ್ಬಿಣದ ಬಾಣಲೆ ಕೈಗೆ ಸಿಕ್ಕಿತು. ಒಂದೇ ಏಟಾಗಿದ್ದರೆ ಮಾತು ಬೇರೆ. ಬಿದ್ದ ಮೇಲೂ ಹೊಡೆದಳು. ಮೂಳೆ ಮುರಿದ ಸದ್ದು ಕೇಳಿದ ಮೇಲೂ ಹೊಡೆದಳು. ಇನ್ನೊಂದು ಗಳಿಗೆ ತಡೆದಿದ್ದರೆ ಅವನು ಬಿಡುತ್ತಿದ್ದ. ಬಿಡುತ್ತಿದ್ದವನನ್ನು ಕೊಂದೆನಲ್ಲ ಎನ್ನುವುದೇ ಅವಳ ಸಂಕಟ.

ಇಳಿಜಾರಿನಲ್ಲಿ ಬ್ರೇಕ್ ಒತ್ತಬಾರದಿತ್ತು, ಒತ್ತಿದಳು. ವ್ಯಾನಿನ ಹಿಂಭಾಗ ಸರ್ರನೆ ಮುಂದಕ್ಕೆ ತಿರುಗಿ, ವ್ಯಾನು ಹಿಂಬದಿಯಿಂದ ಹಿಮದ ದಿಬ್ಬಕ್ಕೆ ಅರ್ಧದವರೆಗೆ ನುಗ್ಗಿ ನಿಂತಿತು.

ಸ್ವಲ್ಪ ಹೊತ್ತಿಗೆ ಎದುರಿನಿಂದ ಹಳದಿ ದೀಪ ಕಂಡಿತು. ಹಿಮ ತಳ್ಳುವ ಲಾರಿ. ಇಳಿದು ಬಂದವನು ಓಡ್ವಾರ್, ಐವಿಂದನ ಬೇಟೆಯ ಜೊತೆಗಾರ. ಬೇರೆ ಯಾರೂ ಸಿಗಲಿಲ್ಲವೇ ದೇವರೇ, ಅಂದುಕೊಂಡಳು.

"ಏನಮ್ಮ ರಾಗ್ನಾ, ಈ ಡಬ್ಬಾನ ಹಿಮದಲ್ಲಿ ಹೂಳೋಕೆ ಇಷ್ಟು ದೂರ ಬರ್ಬೇಕಿತ್ತಾ? ನಿಮ್ಮ ಅಂಗಳದಲ್ಲೇ ಬೇಕಾದಷ್ಟು ಜಾಗ ಇತ್ತಲ್ಲ."

"ಕೈ ತಪ್ತು, ಓಡ್ವಾರಣ್ಣ."

"ಅವನೆಲ್ಲಿ?"

"ಮನೇಲಿ. ಮಲಗಿದಾನೆ."

"ಈ ಹೊತ್ತಲ್ಲಿ? ತೋಳಿಗೇನದು, ಕೆಂಪಗೆ?"

"ಜಾಮ್ ಬಾಟ್ಲಿ ಒಡೀತು."

ಓಡ್ವಾರ್ ಅವಳ ತೋಳನ್ನು ತುಸು ಹೆಚ್ಚೇ ಹೊತ್ತು ನೋಡಿದ. ಸರಪಳಿ ಹಿಡಿದು ವ್ಯಾನಿನ ಮುಂದೆ ಬಗ್ಗಿದವನು ನಗುತ್ತ ಎದ್ದ. ಅವನ ಕೈಯಲ್ಲಿ ವ್ಯಾನಿನ ಮೂತಿಯಿಂದ ಇಳಿಬಿದ್ದ ಕಪ್ಪು ವೈರು. ಅದರ ತುದಿಯಲ್ಲಿ ಮುರಿದ ಪ್ಲಗ್ಗು.

"ಎಂಜಿನ್ ಕಾಯಿಸೋ ಕರೆಂಟ್ ವೈರನ್ನ ಗೋಡೆಯಿಂದ ಕೀಳದೇನೇ ಹೊರಟುಬಿಟ್ಯಲ್ಲ, ಮಾರಾಯ್ತಿ."

"ನಾನು ಚುಚ್ಚಿರ್ಲಿಲ್ಲ," ಎಂದಳು ರಾಗ್ನಾ.

"ನೀನೆಲ್ಲಿ ಚುಚ್ತೀಯ, ಅವನೇ ಚುಚ್ಚಿದ್ದು. ಈ ಚಳೀಲಿ ಮೂರು ತಾಸು ಕರೆಂಟು ಕುಡಿಸದೆ ಈ ಮುದುಕಿ ಏಳ್ತಾಳಾ? ಬೆಳಿಗ್ಗೆ ಎಂಟಕ್ಕೆ ನಿಮ್ಮನೆ ಮುಂದೆ ಹಿಮ ತಳ್ತಾ ಬಂದಾಗ ನೋಡಿದೆ, ವೈರು ಸಿಗಿಸ್ತಾ ಇದ್ದ. ಏನಪ್ಪಾ ವಿಶೇಷ ಅಂದೆ. ರಾಗ್ನಾ ದಕ್ಷಿಣಕ್ಕೆ ಅವಳಕ್ಕನ ಮನೆಗೆ ಹೊರಟಿದಾಳೆ, ಮಧ್ಯಾಹ್ನ ಬಸ್ಸಿಗೆ ಬಿಟ್ಟು ಬರ್ತೀನಿ, ಸರೋವರ ಕರಗೋವರೆಗೂ ಬರಲ್ಲ ಅಂದ. ನನಗೊಂದು ಮಾತು ಹೇಳ್ಬಾರ್ದಾ ನೀನು?"

ಎಂಟು ಗಂಟೆಗೆ ಅವಳಿನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಹಾಲಿನ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ. ಅಕ್ಕನ ಮನೆಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ.

ರಾಗ್ನಾ ಸೀಟಿನಲ್ಲಿ ಕೂತಲ್ಲೇ ಹಿಂದಕ್ಕೆ ತಿರುಗಿದಳು. ಬೈರಿಗೆ ಉರುಳಿ ಹೋದ ಜಾಗದಲ್ಲಿ ಈಗ ಅವಳದೇ ಕೆಂಪು ಸೂಟ್‌ಕೇಸು ಕಾಣುತ್ತಿತ್ತು. ಅದಕ್ಕೆ ಎರಡು ಸುತ್ತು ಸರಪಳಿ ಬಿಗಿದಿತ್ತು, ನೀರಲ್ಲಿ ಮುಳುಗಿದ್ದು ಮತ್ತೆ ಮೇಲೆ ಬಾರದಂತೆ ಸರಪಳಿಗೆ ಸಿಮೆಂಟಿನ ಇಟ್ಟಿಗೆಗಳನ್ನು ಕಟ್ಟಿತ್ತು.

"ಎಳೆದು ನಿಲ್ಲಿಸ್ತೀನಿ, ಹೆದರ್ಬೇಡ. ಎಲ್ಲಿಗೆ ಈಗ, ಬಸ್ಸಿಗಾ?" ಎಂದ ಓಡ್ವಾರ್.

"ಪೊಲೀಸ್ ಠಾಣೆಗೆ," ಎಂದಳು.

ಈ ಸಲ ಐವಿಂದ್ ಬಿಡುತ್ತಿರಲಿಲ್ಲ.