ವಾಕರ್ ಹಿಡಿದ ಕೈ

ಓಣಿಯ ಊಟದ ಮನೆಯಲ್ಲಿ ಯಾರಿಗೆ ಏನು ಬಡಿಸಬೇಕೆಂದು ಅವರವರ ಮಣಿಕಟ್ಟಿನ ಪಟ್ಟಿಯೇ ಹೇಳುತ್ತಿತ್ತು. ಬೆಳಗಿನಿಂದ ಎಷ್ಟು ಕ್ಯಾಲೊರಿ ಕರಗಿತ್ತೋ ಅಷ್ಟೇ ಊಟ. ಸೊಂಟ ಮುರಿದ ಮೇಲೆ ನಿವೃತ್ತ ಡ್ರಿಲ್ ಟೀಚರ್ ನೀಲಮ್ಮ ವಾಕರ್ ಹಿಡಿದು ನಡೆಯುತ್ತಿದ್ದಳು. ಕೈ ಬೀಸದಿದ್ದುದರಿಂದ, ಅವಳು ಕುಳಿತೇ ಇದ್ದಾಳೆಂದು ಪಟ್ಟಿ ತಿಳಿಯುತ್ತಿತ್ತು. ಯುಗಾದಿಯ ಹೋಳಿಗೆ ಘಮಘಮಿಸುತ್ತಿದ್ದ ಇಂದೂ ಅವಳಿಗೆ ಬಂದದ್ದು ಗಂಜಿ.

"ನಮಗ ಮೂರು ಹೋಳಿಗಿ ಬಂದಾವ ನೋಡ್ರಿ ಅಕ್ಕೋರ," ಎಂದು ಪಕ್ಕದ ಗುರುಸಿದ್ದಪ್ಪ ನಕ್ಕ. ಕಟ್ಟೆಯ ಮೇಲೆ ಕೂತು ಇಸ್ಪೀಟು ಕಲಸಿದ್ದೇ ಅವನ ವ್ಯಾಯಾಮ; ಕೈ ಆಡಿದ್ದನ್ನೆಲ್ಲ ಪಟ್ಟಿ ನಡಿಗೆಯೆಂದೇ ಎಣಿಸಿತ್ತು.

ನೀಲಮ್ಮ ಗಂಜಿ ಮುಟ್ಟಲಿಲ್ಲ. ಬಡಿಸುತ್ತಿದ್ದವಳನ್ನು ಕರೆದಳು. "ಕಾಶವ್ವಾ, ಉಸಿರಿನ ಕೋಣಿ ಬಾಗಲಾ ತಗಿ."

ತಕರಾರು ಇದ್ದವರು ಆ ಗಾಜಿನ ಕೋಣೆಯಲ್ಲಿ ತಮ್ಮ ವ್ಯಾಯಾಮ ಮಾಡಿ ತೋರಿಸಬಹುದಿತ್ತು. ಅದು ಕೈಯನ್ನು ನೋಡುತ್ತಿರಲಿಲ್ಲ, ಉಸಿರಿನಿಂದಲೇ ಕ್ಯಾಲೊರಿ ಅಳೆಯುತ್ತಿತ್ತು.

"ಬ್ಯಾಡ್ರಿ ಅಕ್ಕೋರ, ಬಿದ್ದಗಿದ್ದೀರಿ!" ಎನ್ನುತ್ತಲೇ ಕಾಶವ್ವ ಬಾಗಿಲು ತೆಗೆದಳು.

ನೀಲಮ್ಮ ಬೀಳಲಿಲ್ಲ. "ಎಡಾ... ಬಲಾ..." ಎಂದು ತನಗೆ ತಾನೇ ಆಜ್ಞೆ ಕೊಡುತ್ತ ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ನಡೆದಳು. ಗಾಜು ಮಂಜಾಯಿತು. ಹೊರಗಿನ ಹಲಗೆಯಲ್ಲಿ ಅಂಕಿ ಏರಿತು, ಏರುತ್ತಲೇ ಹೋಯಿತು. ಪಂಕ್ತಿಯಲ್ಲಿದ್ದವರೆಲ್ಲ ತಾವೂ "ಎಡಾ! ಬಲಾ!" ಎಂದು ಕೂಗತೊಡಗಿದರು.

ನೀಲಮ್ಮ ಹೊರಬಂದಾಗ ಕಾಶವ್ವ ಅವಳ ತಟ್ಟೆಗೆ ನಾಲ್ಕು ಹೋಳಿಗೆ ಇಟ್ಟು ತುಪ್ಪ ಸುರಿದಳು. ನೀಲಮ್ಮ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು. ಆಮೇಲೆ ಕೋಣೆಯ ಬಾಗಿಲನ್ನು ವಾಕರಿನಿಂದಲೇ ತಳ್ಳಿ ಹಿಡಿದಳು.

"ಬರ್ರಿ ಗುರುಸಿದ್ದಪ್ಪಾರ. ಇಸ್ಪೀಟು ತಗೊಂಡು ಬರ್ರಿ."